ಓರಗಿತ್ತಿಯ ಕಕ್ಕಸು

ನನ್ನ ಮೈದುನನ ಮದುವೆಯ ಮಾತುಕತೆಯಲ್ಲಿ ಹೆಣ್ಣಿನ ಕಡೆಯವರು ಕೇಳಿದ್ದು ಒಂದೇ. ಸರವಲ್ಲ, ಸೀರೆಯಲ್ಲ; ಹಿತ್ತಲಿನಲ್ಲಿ ಒಂದು ಕಕ್ಕಸು. ದೊಡ್ಡ ಯುದ್ಧ ಶುರುವಾಗುವ ಮುಂಚಿನ ಮಾತು. ಹುಡುಗಿಯ ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ಕ್ವಾರ್ಟರ್ಸಿನಲ್ಲಿ ಬೆಳೆದ ಮಗಳು ಬಯಲಿಗೆ ಹೋದವಳಲ್ಲ, ಹೋಗಲಾರಳು ಎಂದರು. ಮೈದುನನಿಗೆ ಅವರ ಕಡೆಯಿಂದ ಕಾರ್ಖಾನೆಯಲ್ಲಿ ಕೆಲಸವಾಗಬೇಕಿತ್ತು. ಮಾವ ಎಲೆಯಡಿಕೆ ಮೆಲ್ಲುತ್ತಾ, ಅದಕ್ಕೇನಂತೆ, ತೋಡಿಸೋಣ ಎಂದುಬಿಟ್ಟರು. ಒಳಗೆ ಕಾಫಿ ಸೋಸುತ್ತಿದ್ದ ನನ್ನ ಕೈ ನಿಂತುಹೋಯಿತು.

ನಾನೂ ಪೇಟೆಯವಳೇ. ಶಿವಮೊಗ್ಗೆಯ ನನ್ನ ತವರಿನಲ್ಲಿ ಕಕ್ಕಸು ಇತ್ತು. ಹಿಂದಿನ ಓಣಿಯಿಂದ ಒಬ್ಬ ಹೆಂಗಸು ಬಂದು, ಗೋಡೆಯ ಬುಡದ ತಗಡು ಎತ್ತಿ, ನಮ್ಮೆಲ್ಲರದನ್ನೂ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗುತ್ತಿದ್ದಳು. ಅವಳ ಮುಖ ನನಗೆ ನೆನಪಿಲ್ಲ. ನೋಡಿಯೇ ಇರಲಿಲ್ಲ ಎಂಬುದು ಈಗ ಹೊಳೆಯುತ್ತದೆ. ಮದುವೆಯಾಗಿ ಹೊಳೆಹೊನ್ನೂರಿನ ಹತ್ತಿರದ ಹಳ್ಳಿಗೆ ಬಂದ ವಾರದಲ್ಲೇ ಅತ್ತೆಯನ್ನು ಕೇಳಿದ್ದೆ, ನಮ್ಮ ಹಿತ್ತಲಲ್ಲಿ ಅಂಥದ್ದೇನಾದರೂ ಮಾಡಿಸಲು ಆಗುತ್ತದೆಯೇ ಎಂದು. ಅತ್ತೆ ಅದನ್ನು ಬಾವಿಕಟ್ಟೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದರು. ಶಿವಮೊಗ್ಗೆಯ ರಾಣಿಯವರಿಗೆ ಬಯಲು ಒಗ್ಗುವುದಿಲ್ಲವಂತೆ ಎಂದು ಊರಿನ ಹೆಂಗಸರೆಲ್ಲ ಆಡಿಕೊಂಡರು. ಮತ್ತೆ ನಾನು ಬಾಯಿ ತೆರೆಯಲಿಲ್ಲ. ಹನ್ನೊಂದು ವರ್ಷ, ಬೆಳಕು ಹರಿಯುವ ಮುಂಚೆ ಚೊಂಬು ಹಿಡಿದು ಗದ್ದೆಯಂಚಿನ ಪೊದೆಗಳ ಕಡೆಗೆ ಹೋಗಿ ಬಂದೆ.

ಈಗ ಓರಗಿತ್ತಿಯಾಗಿ ಬರುವವಳು ಹೊಸಿಲು ದಾಟುವ ಮೊದಲೇ ಎರಡಾಳು ಆಳದ ಗುಂಡಿ. ತೋಡಿದವರು ಯಾರು? ನನ್ನ ಗಂಡ. ಬೆವರು ಒರೆಸಿಕೊಳ್ಳುತ್ತಾ ಬಂದು ಮಜ್ಜಿಗೆ ಕೇಳಿದರು. ಉಪ್ಪು ಹಾಕದೆ ಕೊಟ್ಟೆ. ಗುಂಡಿಯ ಮೇಲೆ ದಪ್ಪ ಹಲಗೆ, ಸುತ್ತ ಬಿದಿರಿನ ತಟ್ಟಿ, ಒಳಗಿನಿಂದ ಹಾಕಿಕೊಳ್ಳಲು ಅಗುಳಿ ಬೇರೆ. ಊರಿನ ಹೆಂಗಸರು ನೋಡಲು ಬಂದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಮೂತಿ ತಿರುವಿ ಹೋದರು. ಆ ಮಾತು ನನಗೆ ಬಹಳ ಹಿತವಾಗಿತ್ತು.

ಬಂದವಳು ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಮೆತ್ತಗಿನ ಹುಡುಗಿ, ಮಾತಿಗೊಮ್ಮೆ ಅಕ್ಕ ಅನ್ನುತ್ತಿದ್ದಳು. ಗುಂಡಿ ನಾರದ ಹಾಗೆ ನೋಡಿಕೊಳ್ಳುವುದನ್ನೂ ಅವಳೇ ಹೇಳಿಕೊಟ್ಟಳು: ಹೋದಾಗೆಲ್ಲ ಒಂದು ಕರಟ ಒಣಬೂದಿ ಸುರಿಯಬೇಕು, ನೀರು ಆದಷ್ಟು ಕಡಿಮೆ ಬೀಳಬೇಕು. ತಿಂಗಳೊಳಗೆ ಅತ್ತೆಯೂ ಅಲ್ಲಿಗೇ ಹೋಗತೊಡಗಿದರು. ನಾನೊಬ್ಬಳು ಹೋಗಲಿಲ್ಲ. ಎಲ್ಲರಿಗೂ ಕಾಣಲಿ ಎಂದೇ ಚೊಂಬು ಹಿಡಿದು ಅಂಗಳ ದಾಟುತ್ತಿದ್ದೆ. ಇದೆಂಥ ಹಟ ಮಾರಾಯ್ತಿ ಎಂದು ಗಂಡ ಕೇಳಿದರು. ಆ ಹಟಕ್ಕೆ ನಮ್ಮ ಮದುವೆಯಷ್ಟೇ ವಯಸ್ಸಾಗಿದೆ ಎಂದು ಹೇಳಬೇಕೆನಿಸಿತು.

ಆದರೆ ಒಲೆ ನನ್ನದು. ಒಲೆ ನನ್ನದಾದ ಮೇಲೆ ಬೂದಿಯೂ ನನ್ನದೇ. ಮೊದಮೊದಲು ಬೂದಿ ಸೌತೆಯ ಪಾತಿಗೆ ಬೇಕು, ಪಾತ್ರೆ ಬೆಳಗಲು ಬೇಕು ಎಂದೆ. ಆಮೇಲೆ ಕಕ್ಕಸಿನ ಬೂದಿ ಡಬ್ಬಕ್ಕೆ ಮುಕ್ಕಾಲು ಮಣ್ಣು ಬೆರೆಸಿ, ಮೇಲೆ ಒಂದು ಪದರ ಬೂದಿ ಹರಡಿಟ್ಟೆ. ಅದೂ ಸಾಲದೆ, ಮಧ್ಯಾಹ್ನ ಎಲ್ಲರೂ ಒರಗಿದ ಹೊತ್ತಿನಲ್ಲಿ ಪಾತ್ರೆ ತೊಳೆದ ಮುಸುರೆ ನೀರನ್ನು ಹೊತ್ತುಕೊಂಡು ಹೋಗಿ ಗುಂಡಿಗೆ ಸುರಿದೆ. ಹೆದರಿಕೆಯಾಗಲಿಲ್ಲ, ಸುಖವಾಯಿತು. ಮರುದಿನವೂ ಸುರಿದೆ. ಇದನ್ನು ಮುಚ್ಚಿಟ್ಟುಕೊಂಡು ಉಳಿದದ್ದನ್ನು ಬರೆದು ಏನು ಪ್ರಯೋಜನ?

ಹದಿನೈದು ದಿನದಲ್ಲಿ ಗುಂಡಿ ನಾರಿತು. ನೊಣ ಅಡುಗೆಮನೆಯವರೆಗೂ ಬಂತು. ಅತ್ತೆ ಊಟಕ್ಕೆ ಕೂತು ಅವಳ ತವರನ್ನೆಲ್ಲ ಬೈದರು. ದಿನಾ ಬೂದಿ ಹಾಕುತ್ತಲೇ ಇದ್ದೇನೆ ಎಂದು ಅವಳು ಎರಡು ಸಲ ಹೇಳಿ ಸುಮ್ಮನಾದಳು. ಆಗ ಅವಳಿಗೆ ಐದು ತಿಂಗಳು. ಮಾವ ನನ್ನನ್ನು ಕರೆದು, ಹಿರೀ ಸೊಸೆ ನೀನು, ಏನು ಮಾಡೋಣ ಹೇಳು ಎಂದರು. ಮುಚ್ಚಿಸಿಬಿಡಿ ಎಂದೆ. ಅಂದೇ ಸಂಜೆ ಗುಂಡಿಗೆ ಮಣ್ಣು ಬಿತ್ತು.

ಮರುಬೆಳಿಗ್ಗೆಯಿಂದ ಅವಳೂ ಚೊಂಬು ಹಿಡಿದು ನನ್ನ ಹಿಂದೆ ಬಂದಳು. ಗೆದ್ದೆನಲ್ಲ, ಬೇಕೆಂದೇ ಬಿರುಸಾಗಿ ನಡೆದೆ. ಅವಳು ಹೊಟ್ಟೆ ಹಿಡಿದುಕೊಂಡು, ಬದುವಿನ ಮೇಲೆ ಒಂದೊಂದೇ ಹೆಜ್ಜೆ ಹುಡುಕಿ ಇಡುತ್ತಿದ್ದಳು. ಮೂರನೆಯ ದಿನ ನಾನು ಬಡಿಸುವಾಗ ಮುದ್ದೆಯಲ್ಲಿ ಅರ್ಧ ಮುರಿದು ಪಕ್ಕಕ್ಕಿಟ್ಟಳು. ನೀರಿನ ಲೋಟ ಮುಟ್ಟಲಿಲ್ಲ. ಹಸಿವಿಲ್ಲ ಎಂದಳು. ಆ ಸುಳ್ಳು ನನಗೆ ಚೆನ್ನಾಗಿ ಗೊತ್ತಿತ್ತು. ತಿಂದು ಕುಡಿದರೆ ಹಗಲು ಹೊತ್ತಿನಲ್ಲಿ ಹೋಗಬೇಕಾದೀತು ಎಂಬ ಭಯಕ್ಕೆ ನನ್ನ ಎರಡು ಬಸುರಿನಲ್ಲೂ ನಾನು ಹೇಳಿದ್ದು ಅದೇ ಸುಳ್ಳು.

ಮಾರನೆಯ ದಿನ ವಾಪಸು ಬರುವಾಗ ಅವಳು ಬದುವಿನ ಮೇಲೆ ನಿಂತುಬಿಟ್ಟಳು.

"ಅಕ್ಕ, ನೀವೂ ಪೇಟೆಯೋರೇ ಅಲ್ವಾ? ಇಷ್ಟು ವರ್ಷ ಹೆಂಗೆ ತಡ್ಕೊಂಡ್ರಿ?"

ಹನ್ನೊಂದು ವರ್ಷದಲ್ಲಿ ಆ ಪ್ರಶ್ನೆಯನ್ನು ನನ್ನ ಗಂಡ ಕೇಳಿರಲಿಲ್ಲ, ಹೆತ್ತ ತಾಯಿಯೂ ಕೇಳಿರಲಿಲ್ಲ. ಉತ್ತರ ಹೇಳಲು ಹೋಗಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ. ಅವಳ ಕೈ ಹಿಡಿದು ಬದು ದಾಟಿಸಿದೆ. ಮನೆಗೆ ಬಂದು ಕೈಕಾಲು ತೊಳೆದು, ಜಗಲಿಯಲ್ಲಿ ಕೂತಿದ್ದ ಮಾವನ ಮುಂದೆ ನಿಂತೆ.

"ಗುಂಡಿ ನಾರಿದ್ದು ಅವಳಿಂದಲ್ಲ ಮಾವ. ಬೂದಿಗೆ ಮಣ್ಣು ಬೆರೆಸ್ದೋಳು ನಾನು. ಮುಸುರೆ ನೀರು ಹುಯ್ದೋಳೂ ನಾನೇ."

ಮಾವ ಎದ್ದು ಹೋಗಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದರು. ಆಮೇಲೆ ಯಾಕೆ ಎಂದು ಕೇಳಿದರು. ನನಗೆ ತೋಡಿಸಲಿಲ್ಲವಲ್ಲ ಎಂದೆ.

"ನೀನು ಯಾವತ್ತೂ ಕೇಳ್ಲೇ ಇಲ್ವಲ್ಲಮ್ಮ."

ನಾನು ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ನೋಡಿದೆ. ಅತ್ತೆ ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

ಮುಚ್ಚಿದ ಗುಂಡಿಯಿಂದ ಆಚೆಗೆ, ಬಾವಿಯಿಂದ ದೂರದಲ್ಲಿ ಹೊಸದು ತೋಡಿದರು. ತಟ್ಟಿ ಕಟ್ಟಿ ಮುಗಿದ ದಿನ ಓರಗಿತ್ತಿ ನನ್ನನ್ನು ಮುಂದೆ ಮಾಡಿ, ನೀವೇ ಮೊದಲು ಹೋಗಿ ಎಂದಳು. ಹೋಗಿ ಅಗುಳಿ ಹಾಕಿಕೊಂಡೆ. ಹೊಟ್ಟೆಕಿಚ್ಚು ಒಂದೇ ದಿನಕ್ಕೆ ಹೋಗುವ ಜಾತಿಯದಲ್ಲ. ಕೆಲಸ ಮುಗಿದರೂ ಏಳದೆ ಕೂತೇ ಇದ್ದೆ, ಅವಳು ಹೊರಗೆ ಸ್ವಲ್ಪ ಕಾಯಲಿ ಎಂದು. ಆ ಹೊಟ್ಟೆ ಹೊತ್ತುಕೊಂಡು ನಿಂತವಳು ಒಂದು ಸಲವೂ ನನ್ನನ್ನು ಕರೆಯಲಿಲ್ಲ.