ಕ್ಯಾಲೆಂಡರ್ ಹಾಳೆಯ ಹಿಂಬದಿಯ ಔಷಧ

ನಾನು ಜೋಪಾನವಾಗಿ ಇಟ್ಟುಕೊಂಡಿದ್ದ ಔಷಧದ ಚೀಟಿಗಳನ್ನೆಲ್ಲ ಚಿತ್ತಾಪುರದ ವಕೀಲರು ಒಂದೊಂದಾಗಿ ತಿರುವಿ ನೋಡಿ ಮೇಜಿನ ಮೇಲಿಟ್ಟರು.

"ಮಾಸ್ತರ್, ಇದರಾಗ ಡಾಕ್ಟರ ಹೆಸರಿಲ್ಲ, ಸಹಿ ಇಲ್ಲ. ಇವನ್ನ ಹಿಡಕೊಂಡು ಹೋದ್ರ ಕೋರ್ಟಿನ್ಯಾಗ ಅಮಾಸಿ ಯಾವತ್ತಿತ್ತು ಅಂತ ಅಷ್ಟೇ ರುಜುವಾತು ಆಗ್ತದ ನೋಡ್ರಿ."

ನಮ್ಮೂರ ಡಾಕ್ಟರು ಔಷಧ ಬರೆದುಕೊಡುವುದು ಗೋಡೆಯ ಕ್ಯಾಲೆಂಡರಿನಿಂದ ಹರಿದ ನಿನ್ನೆಯ ಹಾಳೆಯ ಹಿಂಬದಿಗೆ. ನನ್ನ ಹೆಂಡತಿಯ ಬಾಯೊಳಗಿನ ಹುಣ್ಣಿಗೆ ಒಂದು ವರ್ಷ ಅವರು 'ಕಾವು' ಎಂದು ಗುಳಿಗೆ ಕೊಟ್ಟರು. ಹೈದರಾಬಾದಿನಲ್ಲಿ ಪರೀಕ್ಷೆ ಮಾಡಿದ ಡಾಕ್ಟರು ಕ್ಯಾನ್ಸರ್ ಎಂದರು. "ಮೊದಲೇ ಬರಬೇಕಿತ್ತು" ಎಂದ ಅವರೇ, ಆ ಮಾತನ್ನು ಬರೆದುಕೊಡಿ ಎಂದು ನಾನು ಕೇಳಿದೊಡನೆ ಪೆನ್ನಿನ ಮುಚ್ಚಳ ಹಾಕಿದರು.

ದಾವೆ ಹೂಡಬಹುದು, ಆದರೆ ಡಾಕ್ಟರದು ತಪ್ಪೆಂದು ಇನ್ನೊಬ್ಬ ಡಾಕ್ಟರೇ ಬಂದು ಸಾಕ್ಷಿ ಹೇಳಬೇಕು ಎಂದರು ವಕೀಲರು. ಸೆರಗಿನಿಂದ ಗಲ್ಲ ಮುಚ್ಚಿಕೊಂಡು ನನ್ನ ಪಕ್ಕದಲ್ಲಿ ಕೂತಿದ್ದ ಹೆಂಡತಿ ಕೇಳಿದಳು: "ಎಂದಿಗಿ ಮುಗೀತದ್ರಿ ವಕೀಲ್ ಸಾಬ್?"

"ಏಳೆಂಟು ವರ್ಷ ಹಿಡೀತದವ್ವ."

"ಹಂಗಾರ ಕೇಸು ನನಗಿಂತ ಭಾಳ ಗಟ್ಟಿ ಅದ ಬಿಡ್ರಿ. ಕಾಗದದ ಮ್ಯಾಗ ಇವರ ಸಹಿನೂ ತಗೊಳ್ರಿ."

ಇಬ್ಬರೂ ಸಹಿ ಮಾಡಿ ಕೇಸು ಹಾಕಿದ್ದೇವೆ. ವಾಡಿಯಲ್ಲಿ ರೈಲು ತಪ್ಪೀತೆಂದು ಎರಡು ತಾಸು ಮೊದಲೇ ಹೋಗಿ ಕೂಡುವವನು ನಾನು. ಕೀಲಿ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮರಳುವವನು. ವರ್ಷವಾದರೂ ಮಾಯದ ಆ ಹುಣ್ಣಿನ ವಿಷಯದಲ್ಲಿ ಮಾತ್ರ, ಡಾಕ್ಟರು ಹೇಳಿದ್ದಾರಲ್ಲ ಎಂದು ನಿಶ್ಚಿಂತನಾಗಿದ್ದೆ.