ಗೋಡೆ ಮುಟ್ಟದ ಗೋಡೆ ಅಕ್ಕ

ಗೋಡೆ ಅಕ್ಕನಿಗೆ ಎಂಟು ವರ್ಷ ಗೋಡೆ ಇರಲಿಲ್ಲ. ರೈಲ್ವೆ ಗೋದಾಮಿನ ಹಿಂದೆ ಇದ್ದಾಗ ಒಂದು ಕಡೆ ಟಾರ್ಪಾಲು, ಇನ್ನೊಂದು ಕಡೆ ರಟ್ಟಿನ ಪೆಟ್ಟಿಗೆಗಳು, ಮೂರನೇ ಕಡೆ ಗಂಡನ ಬೆನ್ನು, ನಾಲ್ಕನೇ ಕಡೆ ಬಯಲು. "ಆ ನಾಲ್ಕನೇ ಕಡೆಯಿಂದ ನಾಯಿ, ಪೊಲೀಸು, ಮಳೆ ಮೂರೂ ಬರೋವು. ನಾಯಿನೇ ವಾಸಿ, ಗದರಿದ್ರೆ ಹೋಗ್ತಿತ್ತು" ಎನ್ನುತ್ತಾರೆ ಅವರು.

ಈಗ ಬೆಳಗಿನ ಜಾವ. ಹಿಂದೆ ಲಾಡ್ಜ್ ಆಗಿದ್ದ ಕಟ್ಟಡವೊಂದರ ಮೆಟ್ಟಿಲ ಮೇಲೆ ಅವರು ಮಂಡಿಯೂರಿದ್ದಾರೆ. ಬೀದಿಯಲ್ಲಿ ಬದುಕಿದ್ದ ಕುಟುಂಬಗಳನ್ನು ತಂದು, ಕುಟುಂಬಕ್ಕೊಂದು ಕೋಣೆಯಂತೆ ಕೊಟ್ಟು, ಒಂದು ಸಂಸ್ಥೆ ಈ ಕಟ್ಟಡವನ್ನು ನಡೆಸುತ್ತಿದೆ. ಅಕ್ಕ ಇಲ್ಲಿನ ನಿವಾಸಿಯೂ ಹೌದು, ಕಸ ಗುಡಿಸಿ ನೆಲ ಒರೆಸುವವರೂ ಹೌದು. ಮೇಲಿನ ಮೆಟ್ಟಿಲಿನಿಂದ ಶುರುಮಾಡಿ ಹಿಂದಕ್ಕೆ ಹಿಂದಕ್ಕೆ ಇಳಿಯುತ್ತಾರೆ. ಒರೆಸಿದ ಮೆಟ್ಟಿಲ ಮೇಲೆ ತಮ್ಮ ಹೆಜ್ಜೆಯೂ ಬೀಳಬಾರದು ಎಂಬುದು ಅವರ ಹಟ. ಎರಡನೇ ಮಹಡಿಗೆ ಬರುವಾಗ ಒಂದು ಬಾಗಿಲು ಬೆರಳಷ್ಟು ತೆರೆಯುತ್ತದೆ. ಬಟ್ಟೆ ಹೊಲಿಯುವ ಹೆಂಗಸು ಸುಣ್ಣದ ಡಬ್ಬ ಹಿಡಿದ ಕೈಯನ್ನು ಹೊರಗೆ ಚಾಚುತ್ತಾಳೆ.

"ಅಕ್ಕ, ಒಂದೇ ಒಂದು ಗೋಡೆ. ಹಾಸಿಗೆ ಪಕ್ಕದ್ದು. ಇವತ್ತು ಮ್ಯಾನೇಜರ್ ರೂಮು ನೋಡೋಕೆ ಬರ್ತಾರಂತೆ."

"ಗೋಡೆ ಮುಟ್ಟಲ್ಲ ಕಣಮ್ಮ. ನೆಲ ಹೇಳು, ಒರೆಸಿಕೊಡ್ತೀನಿ."

"ನೆಲ ನಾನೇ ಒರೆಸ್ಕೋತೀನಿ. ನಿನ್ನ ಹಾಗೆ ಬೆಳ್ಳಗೆ ಮಾಡೋಕೆ ಇಲ್ಲಿ ಯಾರಿಗೆ ಬರುತ್ತೆ?"

"ಬರೋದೂ ಬೇಡ. ನನಗೆ ಬಂದು ಆಗಿದ್ದೇ ಸಾಕು."

ಬಾಗಿಲು ಮುಚ್ಚಿಕೊಳ್ಳುತ್ತದೆ. ಮೆಲ್ಲಗೆ ಅಲ್ಲ. ಅಕ್ಕ ಬಟ್ಟೆ ಹಿಂಡಿ ಮುಂದಿನ ಮೆಟ್ಟಿಲಿಗೆ ಇಳಿಯುತ್ತಾರೆ. ಈ ಕಟ್ಟಡದ ಮಕ್ಕಳಿಗೂ ಮುದುಕರಿಗೂ ಅವರು ಗೋಡೆ ಅಕ್ಕನೇ. ಅವರು ಗೋಡೆ ಮುಟ್ಟುವುದನ್ನು ಬಿಟ್ಟು ಎರಡು ತಿಂಗಳಾಗಿದೆ, ಹೆಸರು ಬಿಟ್ಟಿಲ್ಲ.

ಎರಡು ವರ್ಷದ ಹಿಂದೆ ಮೂರನೇ ಮಹಡಿಯ ಕೋಣೆಯ ಬೀಗದ ಕೈ ಸಿಕ್ಕಿದಾಗ ಮಗಳಿಗೆ ಏಳು ವರ್ಷ. ಹುಟ್ಟಿದ್ದು ಟಾರ್ಪಾಲಿನ ಕೆಳಗೆ. ಅವಳು ಕೋಣೆಯ ನಾಲ್ಕೂ ಗೋಡೆಗೆ ಅಂಗೈ ಸವರಿಕೊಂಡು ಸುತ್ತು ಹಾಕಿದಳು. ಗಂಡ ತರಕಾರಿ ಮಂಡಿಯಲ್ಲಿ ಲೋಡು ಇಳಿಸುವವರು. ಮೊದಲ ವಾರವಿಡೀ ಅವರು ಗೋಡೆಗೆ ಒರಗಿಯೇ ಕೂತಿದ್ದರು. ಕೆಲಸಕ್ಕೆ ಹೊರಡಿ ಎಂದರೆ, "ಇರೇ, ಎಂಟು ವರ್ಷ ಒರಗೋದು ಬಾಕಿ ಇದೆ" ಎನ್ನುತ್ತಿದ್ದರಂತೆ.

ಮಗಳಿಗೆ ಮಲಗಲು ಕೊಟ್ಟದ್ದು ಗೋಡೆಯ ಪಕ್ಕದ ಜಾಗ. ಅದರ ಬಗ್ಗೆ ಗಂಡ ಹೆಂಡತಿ ಚರ್ಚೆಯನ್ನೇನೂ ಮಾಡಲಿಲ್ಲ. ಬೀದಿಯಲ್ಲಿ ಮಲಗಿದವರಿಗೆ ಅದು ಉಸಿರಾಟದಷ್ಟೇ ಅಭ್ಯಾಸ: ಬಯಲಿನ ಕಡೆ ದೊಡ್ಡವರು, ಮರೆಯ ಕಡೆ ಮಗು. ಬಾಗಿಲಿನ ಕಡೆ ಗಂಡ, ನಡುವೆ ಹೆಂಡತಿ, ಗೋಡೆಗೆ ಅಂಟಿಕೊಂಡು ಮಗಳು. ಬಾಗಿಲಿಗೆ ಒಳಗಿನಿಂದ ಚಿಲಕವಿದ್ದರೂ ಹಾಗೇ ಮಲಗಿದರು.

ನಾಲ್ಕನೇ ತಿಂಗಳಲ್ಲಿ ಆ ಗೋಡೆಯ ಬುಡದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ ಕಾಣಿಸಿತು. ಒರೆಸಿದರೆ ಹೋಯಿತು. ವಾರದಲ್ಲಿ ಮತ್ತೆ ಬಂತು, ಈ ಸಲ ಅಂಗೈಯಗಲ. ಬೂಷ್ಟು. ಗೋಡೆಗೆ ಕೈಯಿಟ್ಟರೆ ಜ್ವರ ಬಿಟ್ಟವರ ಮೈ ಹಾಗೆ ತಣ್ಣಗೆ, ಅಂಟಂಟು.

ಬೇರೆ ಯಾರಾದರೂ ಆಗಿದ್ದರೆ ಕೆಳಗಿಳಿದು ಹೋಗಿ ಮ್ಯಾನೇಜರ್ ಎದುರು ದನಿ ಎತ್ತುತ್ತಿದ್ದರು. ಅಕ್ಕ ಬಾಗಿಲು ಹಾಕಿಕೊಂಡು ಉಜ್ಜಿದರು. ಮೊದಲ ದಿನ ಕೋಣೆ ತೋರಿಸುವಾಗಲೇ ಸಂಸ್ಥೆಯವರು ಹೇಳಿದ್ದರು: ಕೋಣೆ ಗಲೀಜು ಮಾಡಿದವರನ್ನು ಖಾಲಿ ಮಾಡಿಸಲಾಗುವುದು. ಮೆಟ್ಟಿಲ ಬುಡದಲ್ಲಿ ಅದೇ ಮಾತಿನ ಬೋರ್ಡೂ ಇದೆ. ಎಂಟು ವರ್ಷದಲ್ಲಿ ಅವರನ್ನು ಎಬ್ಬಿಸಿದವರೆಲ್ಲರೂ ಕೊಟ್ಟ ಕಾರಣ ಗಲೀಜೇ. "ನಾವು ಅಂದ್ರೆ ಗಲೀಜು ಅಂತ ಕೇಳಿ ಕೇಳಿ ನಮಗೇ ಹಾಗನ್ನಿಸಿತ್ತು. ಗೋಡೆ ಕಪ್ಪಾದಾಗ ನೀರು ಎಲ್ಲಿಂದ ಬಂತು ಅಂತ ಕೇಳಲಿಲ್ಲ. ನಾನು ಏನು ತಪ್ಪು ಮಾಡಿದೆ ಅಂತ ಕೇಳ್ಕೊಂಡೆ. ಅನ್ನದ ಹಬೆ ಜಾಸ್ತಿ ಆಯ್ತೇನೋ, ಒದ್ದೆ ಬಟ್ಟೆ ಒಳಗೆ ಹರವಿದ್ದೆನೇನೋ ಅಂತ."

ಪಕ್ಕದ ಕೋಣೆಯಲ್ಲಿ ಚಾಕು ಕತ್ತರಿ ಸಾಣೆ ಹಿಡಿಯುವವನ ಸಂಸಾರ. ಇಡೀ ಕಟ್ಟಡಕ್ಕೆ ಅವನು ಸಾಣೆ ಅಣ್ಣ. ಒಂದು ದಿನ ಅಕ್ಕ ಪೊರಕೆ ಕೇಳಲು ಹೋದರೆ ಸಾಣೆ ಅಣ್ಣನ ಹೆಂಡತಿ ಗೋಡೆಗೆ ಅಡ್ಡಲಾಗಿ ಸೀರೆ ಕಟ್ಟಿದ್ದಳು. ಸೀರೆಯ ಹಿಂದೆ ಅದೇ ಕಪ್ಪು. ಮೂಲೆ ಕೋಣೆಯ ಅಜ್ಜಿ ತನ್ನ ಗೋಡೆಗೆ ಹಳೆಯ ಪತ್ರಿಕೆ ಅಂಟಿಸಿದ್ದಳು. ಆ ಮಹಡಿಯ ಏಳೂ ಕುಟುಂಬ ಒಬ್ಬರಿಗೊಬ್ಬರು ಹೇಳದೆ ಒಂದೇ ಗುಟ್ಟನ್ನು ಮುಚ್ಚಿಟ್ಟುಕೊಂಡಿದ್ದವು.

ಆಮೇಲೆ ಅಕ್ಕ ಎಲ್ಲರ ಗೋಡೆಯನ್ನೂ ವಹಿಸಿಕೊಂಡರು. ಬೆಳಕು ಹರಿಯುವ ಮುಂಚೆ ದಿನಕ್ಕೊಂದು ಕೋಣೆ. ಬ್ಲೀಚಿಂಗ್ ಪುಡಿ ಕಲೆಸಿದ ನೀರಿನಲ್ಲಿ ಬ್ರಷ್ ಅದ್ದಿ ಉಜ್ಜುವುದು, ಒಣ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯುವುದು, ತೆಳುವಾಗಿ ಸುಣ್ಣ ಬಳಿಯುವುದು. ದಪ್ಪ ಬಳಿದರೆ ತೇಪೆ ಹಾಕಿದ್ದು ಗೊತ್ತಾಗುತ್ತದೆ. ಬೆರಳ ಸಂದಿಯೆಲ್ಲ ಸಿಪ್ಪೆ ಎದ್ದು, ಊಟಕ್ಕೆ ಕೈಯಿಟ್ಟರೆ ಖಾರ ಉರಿಯುತ್ತಿತ್ತು. "ನಮ್ಮ ಅಕ್ಕನಿಗೆ ಬಿಟ್ರೆ ಕಾಗೆನೂ ಬೆಳ್ಳಗೆ ಮಾಡ್ತಾಳೆ" ಎಂದು ಸಾಣೆ ಅಣ್ಣ ರೇಗಿಸುತ್ತಿದ್ದ. ಗೋಡೆ ಅಕ್ಕ ಎಂದು ಮೊದಲು ಕರೆದವನೂ ಅವನೇ.

ಮ್ಯಾನೇಜರ್ ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ. ಹೊರಗಿನಿಂದ ಯಾರೇ ನೋಡಲು ಬರಲಿ, ಅವನು ಸೀದಾ ಮೂರನೇ ಮಹಡಿಗೇ ಕರೆತರುತ್ತಿದ್ದ. ಮಾದರಿ ಮಹಡಿ ಎನ್ನುತ್ತಿದ್ದ. ಬಂದವರು ಬಿಳಿ ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ತಪಾಸಣೆಯಲ್ಲಿ ಪ್ರತಿ ಸಲವೂ ಎಲ್ಲ ಸರಿಯಾಗಿದೆ ಎಂದೇ ಆಗುತ್ತಿತ್ತು. ಒಳಗೆ ನೀರು ತನ್ನ ಕೆಲಸ ತಾನು ಮಾಡುತ್ತಿತ್ತು.

ಕಳೆದ ವರ್ಷದ ಕೊನೆಯಲ್ಲಿ ಮಗಳಿಗೆ ಕೆಮ್ಮು ಹಿಡಿಯಿತು. ಕೆಮ್ಮು ಉಬ್ಬಸವಾಯಿತು. ಮಲಗಿದರೆ ಎದೆಯಿಂದ ಬಾಗಿಲ ಸಂದಿಯ ಗಾಳಿಯಂಥ ಸದ್ದು. ಆ ಸದ್ದು ನಿಂತರೆ ಅಕ್ಕನಿಗೆ ಇನ್ನೂ ಗಾಬರಿ, ಎದ್ದು ಮೂಗಿನ ಹತ್ತಿರ ಬೆರಳಿಡುತ್ತಿದ್ದರು. ಥಂಡಿಯಿರಬೇಕು ಎಂದು ಮಗಳನ್ನು ಗೋಡೆಗೆ ಇನ್ನಷ್ಟು ಒತ್ತರಿಸಿ, ಮೇಲೊಂದು ಕಂಬಳಿ ಹೊದಿಸುತ್ತಿದ್ದರು. ಒಂದು ಮಧ್ಯಾಹ್ನ ಹುಡುಗಿಯ ತುಟಿ ನೀಲಿಯಾಯಿತು. ಗಂಡ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು.

ಡಾಕ್ಟರ್ ಎದೆಗೆ ಕೊಳವೆಯಿಟ್ಟು ಕೇಳಿ, ಮುಖಕ್ಕೆ ಗಾಳಿಯ ಮಾಸ್ಕ್ ಹಾಕಿಸಿ, ಕೇಳಿದ್ದು ಒಂದೇ ಪ್ರಶ್ನೆ. "ಮನೆ ಗೋಡೆಯಲ್ಲಿ ತೇವ ಇದೆಯಾ? ಬೂಷ್ಟು?"

"ಇಲ್ಲ ಡಾಕ್ಟ್ರೇ. ಹಾಲಿನ ಹಾಗೆ ಬೆಳ್ಳಗಿದೆ" ಎಂದರು ಅಕ್ಕ.

ಮಾಸ್ಕಿನ ಮೇಲಿಂದ ಮಗಳು ಅಮ್ಮನನ್ನೇ ನೋಡಿದಳು. ಹೊರಗೆ ಬೆಂಚಿನ ಮೇಲೆ ಕೂತಾಗ ಕೇಳಿದಳು, "ಅಮ್ಮ, ಬೆಳಿಗ್ಗೆ ಉಜ್ಜಿದ್ದು ಬೂಷ್ಟೇ ತಾನೇ?"

"ಸುಮ್ನಿರು."

"ಹೇಳಿದ್ರೆ ಡಾಕ್ಟ್ರು ಬೈತಾರಾ?"

"ಡಾಕ್ಟ್ರು ಬೈಯಲ್ಲ. ರೂಮು ಹೋಗುತ್ತೆ."

ಅಕ್ಕನಿಗೆ ಅಲ್ಲಿಂದ ಅನ್ನ ಸೇರಲಿಲ್ಲ. ಹೇಳಿದರೆ ಸೂರು ಹೋಗುತ್ತದೆ, ಹೇಳದಿದ್ದರೆ ಏನು ಹೋಗುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಗಂಡನಿಗೂ ಇರಲಿಲ್ಲ. ಮನೆಗೆ ಬಂದು ಹಾಸಿಗೆ ತಿರುಗಿಸಿದರು. ಮಗಳು ಬಾಗಿಲಿನ ಕಡೆ, ಗಂಡ ಗೋಡೆಯ ಕಡೆ. "ಎಲ್ಲಾ ಉಲ್ಟಾ ಆಗಿಹೋಯ್ತಲ್ಲೇ" ಎಂದು ಗಂಡ ಮಗ್ಗುಲಾದರು. ಅವತ್ತು ಅವರು ತಮಾಷೆ ಮಾಡಲಿಲ್ಲ.

ಮುಂದಿನ ತಪಾಸಣೆಗೆ ಇಲಾಖೆಯಿಂದ ಒಬ್ಬ ಮೇಡಂ ಬರುವವರಿದ್ದರು. ಅದಕ್ಕೆ ಒಂದು ವಾರ ಮುಂಚೆ ಅಕ್ಕ ಕೋಣೆಗಳ ನಡುವಿನ ಓಣಿಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು: ಈ ಸಲ ನನ್ನ ಗೋಡೆ ಉಜ್ಜುವುದಿಲ್ಲ.

ಸಾಣೆ ಅಣ್ಣ ಎದ್ದುನಿಂತ. "ನಿನ್ನ ಒಂದು ಗೋಡೆ ನೋಡಿದವರು ನಮ್ಮದನ್ನ ಬಿಡ್ತಾರಾ? ಏಳು ಮನೆಗೂ ಬೀಗ ಜಡೀತಾರೆ."

"ನನ್ನ ಮಗಳ ಎದೆಗೆ ಕಿವಿ ಇಟ್ಟು ಕೇಳಿ ಆಮೇಲೆ ಹೇಳಣ್ಣ."

"ನನಗೂ ಎರಡು ಮಕ್ಕಳಿವೆ ಅಕ್ಕ. ಅವಕ್ಕೂ ಕೆಮ್ಮಿದೆ. ಕೆಮ್ಮು ವಾಸಿಯಾಗುತ್ತೆ, ರೂಮು ಮತ್ತೆ ಸಿಗಲ್ಲ."

ಅಜ್ಜಿ ತೊಡೆಯ ಮೇಲೆ ಮಲಗಿದ್ದ ಮೊಮ್ಮಗಳ ತಲೆ ಸವರುತ್ತ, "ನಿನಗೆ ಸರಿ ಕಂಡಿದ್ದು ಮಾಡವ್ವ. ನಾನಂತೂ ಪೇಪರ್ ಕೀಳಲ್ಲ" ಎಂದಳು.

ಮೇಡಂ ಬಂದ ದಿನ ಅಕ್ಕನ ಕೋಣೆಯ ಗೋಡೆ ಸೊಂಟದೆತ್ತರಕ್ಕೆ ಕಪ್ಪಾಗಿತ್ತು. ಮೇಡಂ ಪೆನ್ನಿನ ಹಿಂಬದಿಯಿಂದ ಸುಮ್ಮನೆ ತಟ್ಟಿದರು. ಗಾರೆ ನೆನೆದ ರೊಟ್ಟಿಯ ಹಾಗೆ ಕಳಚಿ ಅವರ ಚಪ್ಪಲಿಯ ಮೇಲೆ ಬಿತ್ತು.

"ಎಷ್ಟು ದಿನದಿಂದ ಹೀಗಿದೆ?"

"ಒಂದೂವರೆ ವರ್ಷ ಆಯ್ತು ಮೇಡಂ."

"ಒಬ್ಬರೂ ಹೇಳಲಿಲ್ವಲ್ಲ?"

ಮ್ಯಾನೇಜರ್ ಮುಖ ಸುಣ್ಣವಾಗಿತ್ತು. "ಹೋದ ತಿಂಗಳು ಕೂಡ ಬೆಳ್ಳಗಿತ್ತು ಮೇಡಂ, ಆಣೆಗೂ" ಎಂದ. ಅದು ನಿಜವೇ. ಮೇಡಂ ಸಾಣೆ ಅಣ್ಣನ ಗೋಡೆಯ ಸೀರೆ ಸರಿಸಿದರು, ಅಜ್ಜಿಯ ಪೇಪರು ಕಿತ್ತರು. ಸಂಜೆಯೊಳಗೆ ತೀರ್ಮಾನವಾಯಿತು. ಮಹಡಿ ಅಪಾಯಕಾರಿ, ದುರಸ್ತಿಯಾಗುವವರೆಗೆ ಏಳೂ ಕುಟುಂಬ ತಾತ್ಕಾಲಿಕವಾಗಿ ಕೆಳಗಿನ ದೊಡ್ಡ ಹಾಲಿಗೆ ಇಳಿಯಬೇಕು. ಯಾರನ್ನೂ ಹೊರಗೆ ಹಾಕುವುದಿಲ್ಲ ಎಂದು ಮೇಡಂ ಎರಡು ಸಲ ಹೇಳಿದರು. ಮಾತಿನಲ್ಲಿ ಕಪಟವಿರಲಿಲ್ಲ.

ಆದರೆ ತಾತ್ಕಾಲಿಕ ಎಂದರೆ ಏನೆಂದು ಆ ಓಣಿಯಲ್ಲಿದ್ದವರಿಗೆ ಮೇಡಂಗಿಂತ ಚೆನ್ನಾಗಿ ಗೊತ್ತಿತ್ತು. ಗೋದಾಮಿನ ಹಿಂದಿನಿಂದ ಎಬ್ಬಿಸಿದಾಗಲೂ ತಾತ್ಕಾಲಿಕ ಎಂದೇ ಹೇಳಿದ್ದರು. ಸೇತುವೆ ಕೆಳಗೂ, ಶಾಲೆಯ ಮೈದಾನದಲ್ಲೂ ಅದೇ ಮಾತು.

ಮರುದಿನ ಬೆಳಗಿನ ಜಾವ ಅಕ್ಕ ಎಂದಿನಂತೆ ಮೆಟ್ಟಿಲು ಒರೆಸುತ್ತಿದ್ದರು. ಅಜ್ಜಿ ಗಂಟು ಹೊತ್ತು, ಮೊಮ್ಮಗಳ ಕೈ ಹಿಡಿದು ಇಳಿದು ಬಂದಳು. ಹಾಲಿಗೆ ಮೊದಲೇ ಹೋಗಿ ಮೂಲೆ ಹಿಡಿಯುತ್ತಾಳೆ ಎಂದುಕೊಂಡರು ಅಕ್ಕ. ಹಿಂದೆಯೇ ಸಾಣೆ ಅಣ್ಣನ ಸಂಸಾರ, ಸಾಣೆ ಗಾಲಿಯನ್ನು ಮೆಟ್ಟಿಲಿಂದ ಮೆಟ್ಟಿಲಿಗೆ ಎತ್ತಿ ಇಡುತ್ತ.

"ನಾನೇ ಅಜ್ಜಿಯ ಗಂಟು ಕೆಳಗಿನ ತನಕ ಇಳಿಸಿಕೊಟ್ಟೆ. ಗಾಲಿಗೂ ಒಂದು ಕೈ ಹಿಡಿದೆ. ಜಾರುತ್ತೆ, ಹುಷಾರು, ಒದ್ದೆ ಇದೆ ಅಂದೆ. ಸಾಣೆ ಅಣ್ಣ, ಆಯ್ತಕ್ಕ ಅಂದ, ಅಷ್ಟೇ. ಮೆಟ್ಟಿಲು ಮುಗಿಸಿ ಹಾಲಿಗೆ ಬಂದು ನೋಡಿದ್ರೆ ಅಲ್ಲಿ ಯಾರೂ ಇಲ್ಲ. ಗೇಟು ತೆಗೆದಿತ್ತು."

ಯಾರೋ ಬಂದು ಎಬ್ಬಿಸುವ ಮುಂಚೆ ತಾವೇ ಎದ್ದು ಹೋಗುವುದು ಬೀದಿ ಕಲಿಸಿದ ಮರ್ಯಾದೆ. ಮ್ಯಾನೇಜರ್ ಎರಡು ದಿನ ಬೈಕಿನಲ್ಲಿ ಹುಡುಕಿದ. ಅಕ್ಕನ ಗಂಡ ಮಂಡಿಯಲ್ಲಿ ಲೋಡು ಇಳಿಸುವವರನ್ನೆಲ್ಲ ವಿಚಾರಿಸಿದರು. ಮಗಳ ಔಷಧಿಗೆಂದು ಪೇಟೆಗೆ ಹೋದಾಗ ಅಕ್ಕ ಈಗಲೂ ಬೇಕೆಂದೇ ಸುತ್ತು ದಾರಿ ಹಿಡಿಯುತ್ತಾರೆ, ಎಲ್ಲಾದರೂ ಕಬ್ಬಿಣ ಕಲ್ಲಿಗೆ ತಾಗುವ ಸದ್ದು ಕೇಳೀತೆಂದು. ಮಗಳಿಗೆ ಅಜ್ಜಿಯ ಮೊಮ್ಮಗಳು ಜೊತೆಗಾತಿ. ಎಲ್ಲಿ ಹೋದಳು ಎಂದು ಅವಳು ಕೇಳುವುದನ್ನು ನಿಲ್ಲಿಸಿದ್ದಾಳೆ. ನಿಲ್ಲಿಸಿದ್ದು ಅಕ್ಕನಿಗೆ ಇನ್ನೂ ಕಷ್ಟ.

ಹಾಲಿನಲ್ಲಿ ಉಳಿದವರ ನಡುವೆ ಅಡ್ಡಲಾಗಿ ಬಟ್ಟೆ ಕಟ್ಟಿದ್ದಾರೆ. ಒಬ್ಬರ ಗೊರಕೆ ಎಲ್ಲರಿಗೂ ಕೇಳುತ್ತದೆ. ಎರಡು ತಿಂಗಳಲ್ಲಿ ಮಗಳಿಗೆ ಉಬ್ಬಸ ಬಂದದ್ದು ಒಂದೇ ಸಲ. ಅದನ್ನು ಹೇಳುವಾಗ ಅಕ್ಕನ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ. ಆದರೂ ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಬಟ್ಟೆ ಹಿಂಡುವ ಕೈ ನಿಲ್ಲುತ್ತದೆ. ಎರಡನೇ ಮಹಡಿಯವರಿಗೆ ಅಕ್ಕನ ಮೇಲೆ ಸಿಟ್ಟು: ಅವರ ಗೋಡೆಗೂ ಚುಕ್ಕಿ ಬಂದಿದೆ, ಮಹಡಿ ಮುಚ್ಚಿದರೆ ಎಲ್ಲಿಗೆ ಹೋಗುವುದು? "ಹೇಳಿಬಿಡಿ, ನಾನೂ ಜೊತೆಗೆ ಬರ್ತೀನಿ ಅಂತೀನಿ. ನನ್ನ ಮುಖ ನೋಡಿ ಬಾಗಿಲು ಹಾಕ್ಕೋತಾರೆ. ಅವರದ್ದೂ ತಪ್ಪಲ್ಲ ಬಿಡಿ."

ಹೋದ ವಾರ ಪ್ಲಂಬರ್ ಮೂರನೇ ಮಹಡಿಯ ಗೋಡೆ ಒಡೆದ. ತಾರಸಿಯ ಟ್ಯಾಂಕಿನಿಂದ ಇಳಿಯುವ ಪೈಪಿನ ಜಾಯಿಂಟು ತುಕ್ಕು ತಿಂದು ತೂತಾಗಿತ್ತು. ಅರ್ಧ ದಿನದ ಕೆಲಸ, ಹೊಸದು ಕೂರಿಸಿ ಹೋದ. ಗೋಡೆ ಒಣಗಬೇಕು, ಗಾರೆಯಾಗಬೇಕು, ಮೇಲಿನವರ ಒಪ್ಪಿಗೆ ಬರಬೇಕು. ಕೋಣೆಗೆ ಯಾವಾಗ ಹೋಗಬಹುದೆಂದು ಕೇಳಿದರೆ ಮ್ಯಾನೇಜರ್ ನೆಲ ನೋಡುತ್ತಾನೆ.

"ನನಗೇನೂ ದೊಡ್ಡ ಆಸೆ ಇಲ್ಲ. ಮಹಡಿ ಮತ್ತೆ ತೆರೆದ ದಿನ ಎಲ್ಲರೂ ಒಟ್ಟಿಗೆ ಹತ್ತಬೇಕು ಅಂತಿತ್ತು" ಎನ್ನುತ್ತಾರೆ ಅಕ್ಕ, ಕೊನೆಯ ಮೆಟ್ಟಿಲು ಒರೆಸಿ ಬಕೆಟ್ ಎತ್ತಿಕೊಳ್ಳುತ್ತ.

ಮೇಲಿದ್ದದ್ದು ಏಳು ಕುಟುಂಬ. ಹಾಲಿನಲ್ಲಿರುವುದು ಐದು. ಸಾಣೆ ಅಣ್ಣ, ಹೆಂಡತಿ, ಇಬ್ಬರು ಮಕ್ಕಳು, ಅಜ್ಜಿ, ಮೊಮ್ಮಗಳು. ಹೋದದ್ದು ಆರು ಜನ.