ಸುಜಾತಕ್ಕನ ಮದುವೆಯ ಮೊದಲ ಪಂಕ್ತಿ

ಅಥವಾ ಅದು ಬಾಳೆಲೆಯ ವಾಸನೆಯೇ ಆಗಿರಲಿಲ್ಲವೋ ಏನೋ. ದೆಹಲಿಯ ದ್ವಾರಕಾದ ಬ್ಯಾಂಕ್ವೆಟ್ ಹಾಲಿನ ಬಾಗಿಲನ್ನು ಚೌಕಿದಾರ ತೆರೆದಾಗ ಮೂಗಿಗೆ ಬಡಿದದ್ದು ಹಿಂದಿನ ದಿನದ ಪಾರ್ಟಿಯ ಗಾಳಿ. ಒದ್ದೆ ಕಾರ್ಪೆಟ್ಟು, ತಂದೂರಿನ ಹೊಗೆ, ಕೊಳೆಯತೊಡಗಿದ ಗೊಂಡೆಹೂ. ಇವೆಲ್ಲದರ ಅಡಿಯಲ್ಲಿ ಇನ್ನೊಂದಿತ್ತು, ಬಿಸಿ ಅನ್ನ ಬಿದ್ದ ಬಾಳೆಲೆ ಬೆವರುವಾಗ ಬರುವ ಹಸಿ ವಾಸನೆ. ಅಲ್ಲಿ ಅದು ಇರಲು ಕಾರಣವೇ ಇಲ್ಲ, ಆ ಹಾಲಿನಲ್ಲಿ ಯಾರೂ ಎಲೆಯಲ್ಲಿ ಉಂಡಿರಲಾರರು. ನೆನಪು ತನಗೆ ಬೇಕಾದ ಸಾಮಾನನ್ನು ತಾನೇ ತಂದಿಟ್ಟು, ಆಮೇಲೆ ಸಿಕ್ಕಿತು ಎಂದು ಹೇಳುತ್ತದೆ. ನಾನು ಅದನ್ನು ನಂಬುವುದು ಬಿಟ್ಟು ಬಹಳ ಕಾಲವಾಯಿತು. ಜೊತೆಗಿದ್ದವಳು ಇಶಾ, ನನ್ನ ದೊಡ್ಡಪ್ಪನ ಮಗಳು ಸುಜಾತಕ್ಕನ ಮಗಳು. ಬರುವ ಫೆಬ್ರವರಿಯಲ್ಲಿ ಅವಳ ಮದುವೆ. ಮೂಗು ಮುಚ್ಚಿಕೊಂಡು, "ಮಾಸಿ, ಶಾಮ್ ಕೋ ಬಂದು ನೋಡೋಣ್ವಾ? ಆಗ ಲೈಟ್ಸ್ ಎಲ್ಲ ಆನ್ ಇರತ್ತೆ" ಅಂದಳು. "ಹಾಲನ್ನ ಬೆಳಿಗ್ಗೆಯೇ ನೋಡ್ಬೇಕು. ಸಂಜೆ ಎಲ್ಲ ಹಾಲೂ ಚೆಂದವೇ," ಅಂದೆ. ಆ ಮಾತು ನನ್ನದಲ್ಲ, ದೊಡ್ಡಮ್ಮನದು. ಇಶಾ ತನ್ನ ಆ ಅಜ್ಜಿಯನ್ನು ಕಂಡದ್ದು ಕೂಸಾಗಿದ್ದಾಗ ಮಾತ್ರ.

ನಮ್ಮ ಮನೆ ರೋಹಿಣಿಯಲ್ಲಿ ಹೋಟೆಲಿನ ಮೇಲಿತ್ತು. ಕೆಳಗೆ ದೋಸೆಯ ಕಲ್ಲು, ಮೇಲೆ ನಾವು. ದೊಡ್ಡಪ್ಪ, ದೊಡ್ಡಮ್ಮ, ಸುಜಾತಕ್ಕ, ಅಪ್ಪ, ಅಮ್ಮ, ನಾನು. ನನ್ನ ಶಾಲೆಯ ಸ್ವೆಟರು ವರ್ಷವಿಡೀ ಸಾಂಬಾರಿನ ಪರಿಮಳ ಸೂಸುತ್ತಿತ್ತು, ಪಕ್ಕದಲ್ಲಿ ಕೂರುವ ಹುಡುಗಿಗೆ ಅದರಿಂದ ಹಸಿವಾಗುತ್ತಿತ್ತಂತೆ. ದೊಡ್ಡಪ್ಪ ಗಲ್ಲಾದಲ್ಲಿ ಕೂರುತ್ತಿದ್ದ, ಅಪ್ಪ ತರಕಾರಿ ಮಂಡಿಗೆ ಹೋಗುತ್ತಿದ್ದ. ದೊಡ್ಡಮ್ಮ ಎಲ್ಲ ಕಡೆ ಇರುತ್ತಿದ್ದಳು. ಭಾನುವಾರ ಫುಟ್‌ಪಾತಿನ ಮೇಲೆ ಜನ ಕಾಯುತ್ತ ನಿಂತರೆ ಅಡುಗೆಮನೆಯಿಂದ ಹೊರಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರ ಕೈ ನಿಂತಿದೆ ಎಂದು ಟೇಬಲ್ಲುಗಳ ಮೇಲೆ ಕಣ್ಣಾಡಿಸುತ್ತಿದ್ದಳು. ಗಿರಾಕಿ ನೀರಿನ ಲೋಟ ಕೆಳಗಿಡುವಷ್ಟರಲ್ಲಿ ತಟ್ಟೆ ಎತ್ತಿ, ಟೇಬಲ್ ಒರೆಸಿ ಆಗಿರುತ್ತಿತ್ತು. ಆ ಚುರುಕಿನ ಮೇಲೆಯೇ ನಮ್ಮ ಹೋಟೆಲ್ ನಿಂತಿತ್ತು ಎಂದು ಅಪ್ಪ ಹೇಳುತ್ತಿದ್ದ.

ಇದರ ಜೊತೆಗೆ ಮದುವೆಗಳು. ದೆಹಲಿಯಲ್ಲಿ ನಮ್ಮವರ ಯಾರ ಮನೆಯಲ್ಲಿ ಮದುವೆ ನಿಶ್ಚಯವಾದರೂ ಹೋಟೆಲಿನ ಹಿಂದಿನ ಮೆಟ್ಟಿಲು ಹತ್ತಿ ದೊಡ್ಡಮ್ಮನಲ್ಲಿಗೆ ಬರುತ್ತಿದ್ದರು. ಇವತ್ತು ವೆಡ್ಡಿಂಗ್ ಪ್ಲಾನರ್ ಅನ್ನುವ ಕೆಲಸವನ್ನು ಅವಳು ಕೊತ್ತಂಬರಿ ಬಿಡಿಸುತ್ತ ಮಾಡುತ್ತಿದ್ದಳು. ಇಲ್ಲಿನವರ ಮದುವೆ ರಾತ್ರಿ, ನಮ್ಮದು ಹಗಲು, ಅನ್ನುತ್ತಿದ್ದಳು. ಹಾಗಾಗಿ ಬ್ಯಾಂಕ್ವೆಟ್ ಹಾಲಿನವನ ಹತ್ತಿರ ಮೊದಲು ಕೇಳಬೇಕಾದ್ದು ಬಾಡಿಗೆಯಲ್ಲ, ಹಿಂದಿನ ರಾತ್ರಿ ಅಲ್ಲಿ ಯಾರ ಮದುವೆ ಎಂಬುದು. ಬಾಳೆಗಿಡ ಸಿಗದಿದ್ದರೆ ಎಲೆಸಮೇತ ಕಬ್ಬು ತಂದು ಬಾಗಿಲಿಗೆ ಕಟ್ಟಿ, ಮಕ್ಕಳನ್ನು ಮಾತ್ರ ಅದರಿಂದ ದೂರ ಇಡಿ. ಕಾರ್ಪೆಟ್ಟಿನ ಮೇಲೆ ರಂಗೋಲಿ ನಿಲ್ಲುವುದಿಲ್ಲ, ಪ್ಲೈವುಡ್ ಹಲಗೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಬರೆದು ಎತ್ತಿಕೊಂಡು ಹೋಗಿ. ಊರಿಂದ ಬಂದ ಮಲ್ಲಿಗೆಯ ಕಟ್ಟನ್ನು ಮದುಮಗಳು ಕುರ್ಚಿಯಲ್ಲಿ ಕೂತ ಮೇಲೆಯೇ ಬಿಚ್ಚಿ, ದೆಹಲಿಯ ಗಾಳಿಗೆ ಅದು ಕಂದಲು ಹೊತ್ತು ಬೇಡ. ವಯಸ್ಸಾದವರನ್ನು ಸ್ಪೀಕರಿನ ಹತ್ತಿರ ಕೂರಿಸಬೇಡಿ. ಹೂವಿನ ಭಯ್ಯಾ ಅವಳನ್ನು ಕಂಡರೆ ಕೈಮುಗಿಯುತ್ತಿದ್ದ. "ಆಂಟೀಜೀ, ಆಜ್ ತೋ ಮುಝೇ ಭೀ ಕಮಾನೇ ದೋ," ಅನ್ನುತ್ತಿದ್ದ, ಇವತ್ತು ನನಗೂ ನಾಲ್ಕು ಕಾಸು ಸಂಪಾದಿಸಲು ಬಿಡಿ ಎಂದು. "ಕಮಾವೊ ಭಯ್ಯಾ, ತಾಜಾ ದೇಕರ್ ಕಮಾವೊ," ತಾಜಾ ಹೂ ಕೊಟ್ಟು ಸಂಪಾದಿಸು ಎಂದು ಅವಳು ಬುಟ್ಟಿಯ ತಳಕ್ಕೆ ಕೈಹಾಕಿ ಬಾಡಿದ್ದನ್ನು ಮೇಲೆ ತರುತ್ತಿದ್ದಳು. ಅಥವಾ ಹಾಗೆ ಒಮ್ಮೆ ಮಾತ್ರ ಆಗಿತ್ತೋ, ನಾನು ಅದನ್ನು ಪ್ರತಿ ಮದುವೆಗೂ ಹಂಚಿದ್ದೇನೋ.

ಸುಜಾತಕ್ಕ ಒಪ್ಪಿದ ಹುಡುಗ ಫರೀದಾಬಾದಿನವನು. ಲೇಥ್ ವರ್ಕ್‌ಶಾಪ್ ಇದ್ದ ಪಂಜಾಬಿ ಮನೆ, ಒಳ್ಳೆಯ ಜನ. ಬೆಳಗಿನ ಮುಹೂರ್ತಕ್ಕೆ ಅವರು ಒಪ್ಪಿದರು, ಬಿಸಿಲಿನಲ್ಲಿ ಬಾರಾತ್, ಅಂದರೆ ವರನ ಮೆರವಣಿಗೆ, ತರುವುದಕ್ಕೂ ಒಪ್ಪಿದರು. ಜಗಳವಾದದ್ದು ನಮ್ಮ ಮನೆಯೊಳಗೆ, ಊಟದ ವಿಷಯಕ್ಕೆ.

"ಬಫೆ ಇಡುವಾ," ದೊಡ್ಡಪ್ಪ ಅಂದ. "ಬಡಿಸಿ ಬಡಿಸಿ ಸಾಕಾಯ್ತು ಮಾರಾಯ್ತಿ. ಒಂದು ದಿನ ನಾನೂ ಕೋಟು ಹಾಕಿ, ಪ್ಲೇಟ್ ಹಿಡ್ಕೊಂಡು ಸಾಹೇಬನ ಹಾಗೆ ತಿರುಗ್ತೇನೆ."

"ನೀವು ತಿರುಗಿ. ನನ್ನ ಮಗಳ ಮದುವೆಗೆ ಬಂದವ್ರು ನಿಂತು ತಿನ್ಲಿಕ್ಕಿಲ್ಲ."

"ಅವ್ರು ಫರೀದಾಬಾದಿನವ್ರು. ಮದುವೆಯಲ್ಲಿ ಕೂತು ತಿಂದ್ರೆ ಅವ್ರಿಗೆ ಅಜೀರ್ಣ ಆಗ್ತದೆ."

"ಆಗ್ಲಿ ಒಂದು ದಿನ."

ಆಮೇಲೆ ಅವಳು ಹೇಳಿದ ಮಾತೊಂದಿದೆ. ಅದನ್ನು ನಾನು ಎಷ್ಟು ಸಲ ನನಗೇ ಹೇಳಿಕೊಂಡಿದ್ದೇನೆಂದರೆ ಈಗ ಅದರಲ್ಲಿ ಅವಳದೆಷ್ಟು, ನನ್ನದೆಷ್ಟು ಎಂದು ಬಿಡಿಸಲಾರೆ. "ಹೋಟೆಲಿಗೆ ಬಂದವ್ರು ಬೇಗ ಎದ್ದು ಹೋಗ್ಲಿ ಅಂತ ಬಡಿಸುದು ನಾವು. ಮದುವೆಗೆ ಬಂದವ್ರು ಕೂತಿರ್ಲಿ ಅಂತ ಬಡಿಸುದು. ನಂಗೆ ಒಂದು ಸಲ ಹಾಗೆ ಬಡಿಸ್ಬೇಕು." ಬೇರೆಯವರ ಮದುವೆಗಳಲ್ಲಿ ಅವಳು ಎಲ್ಲವನ್ನೂ ಮಾಡಿಸಿದ್ದಳು, ಆದರೆ ಬಡಿಸುವ ಹಕ್ಕು ಆಯಾ ಮನೆಯವರದು. ಇದು ಅವಳ ಒಬ್ಬಳೇ ಮಗಳ ಮದುವೆ. ಇನ್ನೊಂದು ಅವಕಾಶ ಇರಲಿಲ್ಲ. ದೊಡ್ಡಪ್ಪ, "ಚಲೋ, ಎಲೆಯೇ ಇರ್ಲಿ. ಕೋಟು ಮಾತ್ರ ಹಾಕ್ತೇನೆ," ಅಂದ.

ಮದುವೆ ಬಾಡಿಗೆಯ ಹಾಲಿನಲ್ಲಿ, ಆ ದಿನ ಹೋಟೆಲಿಗೆ ರಜೆ. ಬಡಿಸಲು ಹೋಟೆಲಿನ ಸಪ್ಲೈಯರುಗಳೇ. ಅವರಿಗೆ ದೊಡ್ಡಮ್ಮ ಹಿಂದಿನ ವಾರವಿಡೀ ಪಾಠ ಹೇಳಿದಳು, ಕಲಿಸುವುದಕ್ಕಲ್ಲ, ಕಲಿತದ್ದನ್ನು ಮರೆಸುವುದಕ್ಕೆ. ಒರೆಸುವ ಬಟ್ಟೆ ಹೆಗಲ ಮೇಲೆ ಕಾಣಬಾರದು. ಒಂದೇ ಕೈಯಲ್ಲಿ ಲೋಟಗಳ ಗೋಪುರ ಹಿಡಿದು ಬರಬಾರದು. "ಔರ್ ಕುಛ್?" ಇನ್ನೇನು ಬೇಕು ಎಂದು ಕೇಳಲೇಬಾರದು, ಅದು ಬಿಲ್ ತರುವ ಮೊದಲು ಕೇಳುವ ಮಾತು. ಎಲ್ಲಕ್ಕಿಂತ ಮುಖ್ಯ, ಸಾಲಿನಲ್ಲಿ ಕಡೆಯವರು ಕೈ ತೊಳೆಯಲು ಏಳುವವರೆಗೆ ಯಾರ ಎಲೆಯನ್ನೂ ಮುಟ್ಟಬಾರದು. ಕೂತವರ ಮುಂದಿನ ಎಲೆ ಎತ್ತುವುದೆಂದರೆ ಎದ್ದು ಹೋಗಿ ಎಂದ ಹಾಗೆ. "ಗೊತ್ತಾಯ್ತಲ್ಲ? ನಾಳೆ ಇದು ಹೋಟೆಲ್ ಅಲ್ಲ," ಅಂದಳು. "ಅಮ್ಮಾ, ಟಿಪ್ಸ್ ಆದ್ರೂ ಉಂಟಾ?" ಎಂದು ಅವರಲ್ಲೊಬ್ಬ ಕೇಳಿ ಬೈಗುಳ ತಿಂದ.

ಮೊದಲ ಪಂಕ್ತಿ ಗಂಡಿನ ಕಡೆಯವರಿಗೆ. ಮಕ್ಕಳ ಜೊತೆ ನನ್ನನ್ನೂ ಎದುರಿನ ಸಾಲಿನಲ್ಲಿ ಕೂರಿಸಿದ್ದರು, ಹಾಗಾಗಿ ನಾನು ನೋಡಿದ್ದೇನೆ, ಅಥವಾ ನೋಡುವ ಜಾಗದಲ್ಲಿದ್ದೆ. ಉದ್ದ ಟೇಬಲ್ಲುಗಳು, ಬಿಳಿ ಕಾಗದ, ಅದರ ಮೇಲೆ ನೀರು ಚಿಮುಕಿಸಿದ ಎಲೆಗಳು. ಎಲೆಯನ್ನು ಏನು ಮಾಡಬೇಕೆಂದು ತಿಳಿಯದೆ ವರನ ಚಿಕ್ಕಪ್ಪ ಅದನ್ನು ಕಾಗದದಂತೆ ಮಡಚಲು ಹೋದ, ಎಲ್ಲರೂ ನಕ್ಕರು. ಸಾರಿಗೆ ಕಟ್ಟೆ ಕಟ್ಟುವುದು ಹೇಗೆಂದು ದೊಡ್ಡಮ್ಮ ತಾನೇ ಅನ್ನದಲ್ಲಿ ಗುಳಿ ಮಾಡಿ ತೋರಿಸಿದಳು. ಹಸಿರು ರೇಷ್ಮೆ ಸೀರೆ, ತಲೆತುಂಬ ಮಲ್ಲಿಗೆ, ಕೈಯಲ್ಲಿ ತುಪ್ಪದ ಗಿಂಡಿ. ಅವಳು ಅಷ್ಟು ನಿಧಾನವಾಗಿ ನಡೆದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ವರನ ದಾದಿ, ಅವನ ಅಪ್ಪನ ಅಮ್ಮ, ಸಾಲಿನ ತುದಿಯಲ್ಲಿ ಕೂತಿದ್ದಳು. ಹಲ್ಲಿಲ್ಲದ, ತುಂಬ ಮೆಲ್ಲಗೆ ಉಣ್ಣುವ, ಪ್ರತಿ ಪದಾರ್ಥಕ್ಕೂ ತಲೆದೂಗುವ ಮುದುಕಿ. ಹೋಳಿಗೆಯನ್ನು ಎಲೆಯ ತುದಿಗೆ ಸರಿಸಿ ಕಡೆಗೆಂದು ಇಟ್ಟುಕೊಂಡಿದ್ದಳು.

ಅಷ್ಟರಲ್ಲಿ ಬಾಗಿಲ ಬಳಿ ಜನ ಸೇರಿದರು. ಬಾರಾತಿನಲ್ಲಿ ಕುಣಿದು ಹಸಿದ ವರನ ಗೆಳೆಯರು. ಎರಡನೇ ಪಂಕ್ತಿಗೆ ಕರೆಯುವವರೆಗೆ ಹೊರಗೆ ಕಾಯಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಒಳಗೆ ಬಂದು ಕೂತವರ ಕುರ್ಚಿಗಳ ಹಿಂದೆಯೇ ನಿಂತರು, ಭಾನುವಾರ ನಮ್ಮ ಹೋಟೆಲಿನಲ್ಲಿ ಜಾಗಕ್ಕಾಗಿ ಕಾದು ನಿಲ್ಲುತ್ತಿದ್ದರಲ್ಲ, ಹಾಗೆ. ದೊಡ್ಡಮ್ಮ ಅವರನ್ನು ನೋಡಿದಳು. ದಾದಿ ನೀರು ಕುಡಿದು ಲೋಟ ಕೆಳಗಿಟ್ಟಳು. ಮುಂದಿನದು ಒಂದು ಉಸಿರಿನಲ್ಲಿ ಆಗಿಹೋಯಿತು. ದೊಡ್ಡಮ್ಮನ ಕೈ ಚಾಚಿತು, ಎಲೆ ಮಡಚಿತು, ಹೋಳಿಗೆಯೂ ಅದರೊಳಗೆ, ಇನ್ನೊಂದು ಕೈ ಆಗಲೇ ಟೇಬಲ್ ಒರೆಸುತ್ತಿತ್ತು. ಬಟ್ಟೆ ಇರಲಿಲ್ಲ, ರೇಷ್ಮೆ ಸೆರಗಿನಿಂದ ಒರೆಸಿದಳು.

"ಅರೇ," ದಾದಿ ಅಂದಳು, ಖಾಲಿ ಕಾಗದವನ್ನು ನೋಡುತ್ತ. "ವೋ ಮೀಠಾ ತೋ ಮೈನೇ ರಖಾ ಥಾ." ಆ ಸಿಹಿಯನ್ನು ಇಟ್ಟುಕೊಂಡಿದ್ದೆನಲ್ಲ ಎಂದು.

ದೊಡ್ಡಮ್ಮ ಕೈಯಲ್ಲಿದ್ದ ಎಲೆಯನ್ನು ನೋಡಿದಳು. ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿದಳು. ಕೋಟು ಹಾಕಿಕೊಂಡು ನಿಂತಿದ್ದ ದೊಡ್ಡಪ್ಪ, ಪರಿಸ್ಥಿತಿ ಹಗುರ ಮಾಡಲೆಂದೇ ಇರಬೇಕು, ಜೋರಾಗಿ ನಕ್ಕು ಕನ್ನಡದಲ್ಲಿ, "ಅಲ್ಲ ಮಾರಾಯ್ತಿ, ಬಿಲ್ ಕೊಡುದೊಂದು ಬಾಕಿ," ಅಂದ. ನಮ್ಮ ಕಡೆಯವರೆಲ್ಲ ನಕ್ಕರು.

ಇದನ್ನೇ ಸುಜಾತಕ್ಕ ಬೇರೆ ರೀತಿ ಹೇಳುತ್ತಾಳೆ. ಎಲೆ ಎತ್ತಿದ್ದು ಅಮ್ಮ ಅಲ್ಲ, ಸಪ್ಲೈಯರ್. ಅಮ್ಮ ಓಡಿ ಬಂದು ದಾದಿಗೆ ಹೊಸ ಎಲೆ ಹಾಕಿ, ಪಕ್ಕದಲ್ಲೇ ಕೂತು ಹೋಳಿಗೆಯನ್ನು ಹಾಲಿನಲ್ಲಿ ಕಿವುಚಿ ಕೊಟ್ಟಳು ಎನ್ನುತ್ತಾಳೆ. ಮೇಲಿನ ಮಹಡಿಯ ಮಂಟಪದಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದವಳಿಗೆ ಅದು ಹೇಗೆ ಕಂಡಿತೋ. ದೊಡ್ಡಪ್ಪ ಇರುವವರೆಗೂ ಅದನ್ನು ನಗೆಯ ಕತೆಯಾಗಿ ಹೇಳಿದ. ಅದರಲ್ಲಿ ದಾದಿಗೆ ಒಂದರ ಬದಲು ಎರಡು ಹೋಳಿಗೆ ಸಿಕ್ಕಿ ಲಾಭವಾಗುತ್ತಿತ್ತು. ನನ್ನ ನೆನಪಿನಲ್ಲಿ ದೊಡ್ಡಮ್ಮ ಆ ಎಲೆಯನ್ನು ಹಿಡಿದುಕೊಂಡೇ ಅಡುಗೆಯ ಶಾಮಿಯಾನದ ಕಡೆ ನಡೆದುಬಿಟ್ಟಳು. ಮೂರೂ ನಿಜವಿರಬಹುದು, ಒಂದಾದ ಮೇಲೆ ಒಂದು. ಅಥವಾ ಒಂದೂ ಇಲ್ಲ. ದಾದಿಗೆ ಬೇಸರವಾಗಿರಲಿಲ್ಲ, ಅದು ಮಾತ್ರ ಖಾತ್ರಿ. ಹೋಗುವಾಗ ದೊಡ್ಡಮ್ಮನ ಗಲ್ಲ ಸವರಿ ಏನೋ ಹೇಳಿದಳು. ಗಂಡಿನ ಕಡೆಯವರು ಆ ಊಟವನ್ನು ಇವತ್ತಿಗೂ ಹೊಗಳುತ್ತಾರೆ.

ಅದಾದ ಮೇಲೆ ದೊಡ್ಡಮ್ಮ ಯಾರ ಮದುವೆಯನ್ನೂ ವಹಿಸಿಕೊಳ್ಳಲಿಲ್ಲ. ಮೆಟ್ಟಿಲು ಹತ್ತಿ ಬಂದವರಿಗೆ ಚಹಾ ಕೊಟ್ಟು, "ಈಗ ಕೇಟರರ್ಸ್ ಇದ್ದಾರಲ್ಲ, ಅಚ್ಛಾ ಮಾಡ್ತಾರೆ," ಅನ್ನುತ್ತಿದ್ದಳು. ಭಾನುವಾರ ಕೆಳಗೆ ಇಳಿಯುವುದನ್ನೂ ಬಿಟ್ಟಳು. ಮಂಡಿನೋವು ಎಂದಳು, ಮಂಡಿನೋವು ಇದ್ದದ್ದೂ ಹೌದು. ಕೆಲವು ವರ್ಷಗಳಲ್ಲಿ ಅವಳು ಹೋದಳು, ಆಮೇಲೆ ದೊಡ್ಡಪ್ಪ, ಅವನ ಹಿಂದೆ ಅಪ್ಪ. ಹೋಟೆಲ್ ಕೈ ಬದಲಾಯಿತು. ಈಗ ಕೆಳಗೆ ಹಲ್ಲಿನ ಕ್ಲಿನಿಕ್ಕು, ಮೇಲೆ ಕೋಚಿಂಗ್ ಕ್ಲಾಸು. ಒಮ್ಮೆ ಸುಮ್ಮನೆ ಆ ಹಿಂದಿನ ಮೆಟ್ಟಿಲು ಹತ್ತಿದ್ದೆ. ಯಾರ ಅಡ್ಮಿಶನ್ ಎಂದು ಕೇಳಿದರು. ಯಾರದೂ ಅಲ್ಲ ಎಂದು ಇಳಿದು ಬಂದೆ.

ಇಶಾಳ ಮದುವೆಯ ತಯಾರಿ ಈಗ ಫೋನಿನಲ್ಲಿ ನಡೆಯುತ್ತಿದೆ. ಪ್ಲಾನರ್ ಹುಡುಗಿ ಫೋಟೋ ಕಳಿಸುತ್ತಾಳೆ. ಗಾಜಿನ ಗೋಳಗಳು, ತೇಲುವ ದೀಪಗಳು, ಹೆಸರು ಕೆತ್ತಿದ ಐಸು. ನಾನು ಕಬ್ಬಿನ ವಿಷಯ ಹೇಳಿದೆ, ಪ್ಲೈವುಡ್ಡಿನ ರಂಗೋಲಿಯ ವಿಷಯ ಹೇಳಿದೆ. "ಸೋ ಕ್ಯೂಟ್" ಎಂದು ಅವಳು ಎರಡನ್ನೂ ಸೇರಿಸಿಕೊಂಡಳು. ಎಲೆಯೋ ಬಫೆಯೋ ಎಂದು ಕೇಳಿದಾಗ, ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ ಎಂದೆ. ಹೇಳಿ ಹೇಳಿ ದಣಿದಿದ್ದೇನೆ, ಅಥವಾ ಹೇಳಲು ನನಗೆ ಹಕ್ಕಿಲ್ಲ ಅನ್ನಿಸುತ್ತದೆ. ಮೊನ್ನೆ ಇಶಾ ಫೋನ್ ಮಾಡಿ, "ಮಾಸಿ, ಪ್ಲಾನರ್ ಪೂಛ್ ರಹೀ ಹೈ, ಹುಡುಗಿ ಮನೆಯವ್ರು ಯಾವಾಗ ಊಟ ಮಾಡ್ತಾರೆ? ಫ್ಯಾಮಿಲಿ ಟೇಬಲ್ ಇಡ್ಬೇಕಂತೆ. ಮಮ್ಮಿ ಮದುವೇಲಿ ನಾನಿ ಯಾವಾಗ ಊಟ ಮಾಡಿದ್ರು?" ಅಂದಳು.

ಅವಳ ನಾನಿ ಎಂದರೆ ದೊಡ್ಡಮ್ಮ. ಸುಜಾತಕ್ಕನಿಗೆ ಫೋನ್ ಮಾಡಿದೆ. "ನನ್ನ ಮದುವೆ ಕಣೇ ಅದು, ಯಾರು ಉಂಡ್ರು ಅಂತ ನಾನು ನೋಡ್ತಾ ಕೂತಿದ್ನಾ?" ಎಂದು ನಗಲು ಹೋಗಿ ನಿಲ್ಲಿಸಿದಳು. ಅಮ್ಮನನ್ನು ಕೇಳಿದೆ. "ಕಡೇ ಪಂಕ್ತಿಯಲ್ಲಿ ಕೂತಿರ್ಬೇಕು," ಅಂದಳು. "ನೀನು ನೋಡಿದ್ಯಾ?" "ನಾನು ಬಡಿಸ್ತಾ ಇದ್ದೆ." "ಹಾಗಾದ್ರೆ ಅವಳಿಗೆ ನೀನೇ ಬಡಿಸಿದ್ದಾ?" "ಇಲ್ಲ," ಅಂದಳು, "ನಾನಲ್ಲ."

ಕೇಳಲು ಇನ್ನು ಯಾರೂ ಉಳಿದಿಲ್ಲ. ದೊಡ್ಡಮ್ಮ ಆ ದಿನ ಕೂತು ಉಂಡಳೋ, ಉಂಡಿದ್ದರೆ ಯಾರು ಬಡಿಸಿದರೋ, ನನಗೆ ಗೊತ್ತಿಲ್ಲ.